ಗಾಡಿಯ ಕೊರಳಿಗೆ ಕಟ್ಟಿದ್ದ ಗಂಟು

ಗಂಟು ಬಿಚ್ಚಬಾರದು, ತುಕ್ಕು ಮಾತ್ರ ತೆಗೆಯಬೇಕು. ಗಾಡಿಯನ್ನು ತಳ್ಳಿಕೊಂಡು ಬಂದು ನನ್ನ ವರ್ಕ್‌ಶಾಪಿನ ಮುಂದೆ ನಿಲ್ಲಿಸಿದವನ ಮೊದಲ ಮಾತೇ ಇದು. ಬೆಳಗ್ಗೆ ಬೆಳಗ್ಗೆಯೇ ನನ್ನ ತಲೆ ಕೆಡಲು ಅಷ್ಟು ಸಾಕಾಯಿತು. ಚಡ್ಡಿ ಬಿಚ್ಚದೆ ತೊಡೆಗೆ ಇಂಜೆಕ್ಷನ್ ಕೊಡಿ ಅನ್ನುತ್ತೀಯಾ ಡಾಕ್ಟರಿಗೆ ಎಂದು ಕೇಳಿದೆ. ಅವನು ನಗಲಿಲ್ಲ. ಹ್ಯಾಂಡಲ್ ಬಿಡದೆ ನಿಂತ.

ಅಜ್ಜಂಪುರದ ಸುತ್ತಲಿನ ಹಳ್ಳಿ ಅಂಗಡಿಗಳಿಗೆ ಬ್ರೆಡ್ಡು, ಬನ್ನು, ರಸ್ಕು ಹಾಕುವವನು ಅವನು. ದಿನಾ ನಸುಕಿಗೇ ಬೀರೂರಿನ ಬೇಕರಿಗೆ ಹೋಗಿ, ಹಿಂದಿನ ಕ್ಯಾರಿಯರ್‌ಗೆ ಕ್ರೇಟು ಕಟ್ಟಿಕೊಂಡು ಬಂದು, ಜನ ಟೀ ಕುಡಿಯುವ ಹೊತ್ತಿಗೆ ಅಂಗಡಿ ಅಂಗಡಿಗೆ ಇಳಿಸುತ್ತಾನೆ. ಅವನನ್ನು ಎಲ್ಲರೂ ಬ್ರೆಡ್ಡಿನವನು ಎಂದೇ ಕರೆಯುವುದು, ನಾನೂ ಹಾಗೇ. ಗಾಡಿ ಹಳೆಯದು, ಆದರೆ ಇಂಜಿನ್ ಗಡಿಯಾರದಂತೆ ಓಡುತ್ತಿತ್ತು. ನಾನೇ ನೋಡಿಕೊಳ್ಳುತ್ತಿದ್ದ ಗಾಡಿ, ಆದ್ದರಿಂದ ಬಲ್ಲೆ.

ಹದಿನೈದು ವರ್ಷ ತುಂಬಿದ ಗಾಡಿಗೆ ಮತ್ತೆ ರಿಜಿಸ್ಟ್ರೇಷನ್ ಮಾಡಿಸಬೇಕು. ತರೀಕೆರೆಯ ಆರ್‌ಟಿಒ ಕಚೇರಿಗೆ ಗಾಡಿ ಒಯ್ದು, ಇನ್ಸ್‌ಪೆಕ್ಟರಿಗೆ ತೋರಿಸಿ, ಆರ್‌ಸಿ ರಿನ್ಯೂ ಮಾಡಿಸಿಕೊಂಡು ಬರಬೇಕು. ಇವನು ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದ. ಅಷ್ಟರಲ್ಲಿ ಬೇಕರಿ ಮಾಲೀಕರು ಕಾಗದ ಸರಿಯಿಲ್ಲದ ಗಾಡಿಗೆ ಇನ್ನು ಮಾಲು ತುಂಬುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಬೇರೆ ಲೈನಿಗೆ, ಅಂದರೆ ಬೇರೆ ಊರುಗಳ ಸುತ್ತಿಗೆ, ಮಾಲು ಹಾಕುವ ಹುಡುಗನೊಬ್ಬ ಇನ್ಶೂರೆನ್ಸ್ ಇಲ್ಲದ ಗಾಡಿಯಲ್ಲಿ ಯಾರಿಗೋ ಗುದ್ದಿದ್ದಕ್ಕೆ ಮಾಲೀಕರೂ ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿ ಬಂದಿದ್ದರಂತೆ. ತಿಂಗಳ ಕೊನೆಯೊಳಗೆ ಆರ್‌ಸಿ ತೋರಿಸಿದರೆ ಲೈನು ಇವನದು, ಇಲ್ಲವಾದರೆ ಶಿವನಿ ಕಡೆಯ ಇನ್ನೊಬ್ಬನಿಗೆ. ಅವನು ಬೇಕರಿಯಲ್ಲಿ ಆಗಲೇ ಬಂದು ಮಾತಾಡಿಕೊಂಡು ಹೋಗಿದ್ದ.

ಆರ್‌ಟಿಒದಲ್ಲಿ ಮೊದಲು ನೋಡುವುದು ಚಾಸಿ ನಂಬರು. ಹ್ಯಾಂಡಲ್ ಕೂರುವ ದಪ್ಪ ಕೊಳವೆ ಇದೆಯಲ್ಲ, ನಾವು ಮೆಕ್ಯಾನಿಕ್‌ಗಳು ಗಾಡಿಯ ಕತ್ತು ಎನ್ನುತ್ತೇವೆ, ಅದರ ಬಲ ಮಗ್ಗುಲಲ್ಲಿ ಕಂಪನಿಯವರು ಕಬ್ಬಿಣಕ್ಕೇ ಅಚ್ಚು ಒತ್ತಿರುತ್ತಾರೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ನಂಬರು ಮೂಡಬೇಕು. ಆ ನಂಬರು ಓದಲು ಬಾರದ ಗಾಡಿ ಕಾಗದದ ಲೆಕ್ಕದಲ್ಲಿ ಯಾರದೂ ಅಲ್ಲ. ಕದ್ದ ಗಾಡಿಗಳಲ್ಲಿ ಮೊದಲು ಅಳಿಸುವುದೂ ಅದನ್ನೇ. ಬ್ರೆಡ್ಡಿನವನ ಗಾಡಿಯಲ್ಲಿ ಸರಿಯಾಗಿ ಆ ಜಾಗದ ಮೇಲೆಯೇ ಕರಿ ಬಟ್ಟೆಯ ಗಂಟು ಕುಳಿತಿತ್ತು. ಮುಷ್ಟಿ ಗಾತ್ರದ್ದು. ಅದರ ಕೆಳಗಿನಿಂದ ಕೆಂಪು ನೀರು ಇಳಿದು, ಚಾಸಿಯ ಕೆಳಗಿನ ಪೈಪಿನವರೆಗೂ ಗೆರೆ ಹಾಕಿತ್ತು.

ಕಟ್ಟಿದ್ದು ಅವನ ತಾಯಿ. ಕೆಲವು ವರ್ಷಗಳ ಹಿಂದೆ, ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರಿಗೆ ಗುದ್ದಿ ಇವನು ಬಿದ್ದಿದ್ದ. ಭುಜದ ಮೂಳೆ ಮುರಿದದ್ದು ಬಿಟ್ಟರೆ ಜೀವಕ್ಕೇನೂ ಆಗಲಿಲ್ಲ. ತಾಯಿ ಮಠಕ್ಕೆ ಹೋಗಿ ವಿಭೂತಿ ತಂದರು. ಅದರ ಜೊತೆ ದೃಷ್ಟಿಗೆಂದು ಹರಳುಪ್ಪು, ಪಟಿಕ, ಸಾಸಿವೆ ಸೇರಿಸಿ, ಕರಿ ಬಟ್ಟೆಯಲ್ಲಿ ಗಂಟು ಮಾಡಿ ಗಾಡಿಯ ಕೊರಳಿಗೆ ಕಟ್ಟಿದರು. ಅಲ್ಲಿಂದ ಪ್ರತಿ ಆಯುಧ ಪೂಜೆಗೂ ಹಳೆಯದನ್ನು ಬಿಚ್ಚದೆ ಅದರ ಮೇಲೆಯೇ ಹೊಸದೊಂದು. ಅಮಾವಾಸ್ಯೆಗೊಮ್ಮೆ ಅರಿಶಿನದ ನೀರಿನ ಪ್ರೋಕ್ಷಣೆ. ಅವರ ಮನೆಯ ಪದ್ಧತಿಯಲ್ಲಿ ಕಟ್ಟಿದವರೇ ಬಿಚ್ಚಬೇಕು, ಇಲ್ಲವಾದರೆ ತಾನಾಗಿಯೇ ಉದುರಬೇಕು. ಬೇರೆಯವರು ಕೈ ಹಚ್ಚಿದರೆ ಕಟ್ಟಿದ್ದರ ಫಲವೆಲ್ಲ ತಿರುಗಿ ಬೀಳುತ್ತದಂತೆ.

ಹಾಗಾದರೆ ತಾಯಿಯನ್ನೇ ಕರೆದುಕೊಂಡು ಬಂದು ಬಿಚ್ಚಿಸು ಎಂದೆ.

"ಅವ್ವಂಗೆ ಹೇಳಂಗಿಲ್ಲ ಅಣ್ಣ," ಅಂದ. "ಇದು ಗಾಡಿ ಮೇಲೆ ಐತೆ ಅಂತ ಧೈರ್ಯದಲ್ಲೇ ಅವ್ವ ನನ್ನ ರೋಡಿಗೆ ಬಿಡ್ತಿರೋದು. ಇದೇ ಕಬ್ಬಿಣ ತಿಂದೈತೆ ಅಂತ ಗೊತ್ತಾದ್ರೆ ಊಟ ಬಿಟ್ಟು ಮಲಗ್ಬಿಡ್ತಾಳೆ."

ತಾಯಿ ಸಖರಾಯಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿದ್ದರು, ಬರುವುದು ಮುಂದಿನ ವಾರ. ಅಷ್ಟರೊಳಗೆ ಕೆಲಸ ಮುಗಿಯಬೇಕು, ಬಿಚ್ಚಲೇಬೇಕಾದರೆ ಗಂಟು ಹೇಗಿತ್ತೋ ಹಾಗೆ ವಾಪಸು ಕಟ್ಟಬೇಕು, ಕಬ್ಬಿಣ ತಿಂದದ್ದರ ಸುಳಿವು ತಾಯಿಗೆ ಸಿಗಬಾರದು. ಇನ್ನೊಂದು ತೊಡಕೂ ಇತ್ತು. ಗಾಡಿಯ ಆರ್‌ಸಿ ಇರುವುದೇ ತಾಯಿಯ ಹೆಸರಿನಲ್ಲಿ. ಹೆಂಗಸರ ಸಂಘದಲ್ಲಿ ಸಾಲ ತೆಗೆದು ಕೊಡಿಸಿದ್ದು ಅವರೇ. ಹಾಗಾಗಿ ತರೀಕೆರೆಗೆ ಅವರೂ ಬರಲೇಬೇಕು, ಸಹಿ ಹಾಕಲೇಬೇಕು. ಇಷ್ಟನ್ನೂ ಕೇಳಿದ ಮೇಲೆ, ನಿನ್ನ ಗಾಡಿ ತೆಗೆದುಕೊಂಡು ಹೋಗಪ್ಪ ಎಂದು ಹೇಳಿ ನನ್ನ ಪಾಡಿಗೆ ನಾನು ಇರಬೇಕಿತ್ತು. ಹಾಗೆ ಹೇಳಲಿಲ್ಲ. ನಾನು ಬೈಯುವುದು ಬಹಳ, ಆದರೆ ಬೈದು ಮುಗಿಸುವಷ್ಟರಲ್ಲಿ ಸ್ಪ್ಯಾನರ್ ಕೈಯಲ್ಲಿರುತ್ತದೆ ಎಂದು ನನ್ನ ಹೆಂಡತಿ ಯಾವಾಗಲೂ ಆಡಿಕೊಳ್ಳುತ್ತಾಳೆ.

ಗಂಟು ಬಿಚ್ಚುವುದು ನನ್ನ ಕೆಲಸವಲ್ಲ, ಹೆತ್ತ ಮಗ ನೀನೇ ಬಿಚ್ಚು ಎಂದೆ. ಅವನು ಕೈಕಾಲು ತೊಳೆದು ಬಂದು, ಕಣ್ಣು ಮುಚ್ಚಿ ಏನೋ ಬೇಡಿಕೊಂಡು ಕೈ ಹಾಕಿದ. ಮೇಲಿನ ಬಟ್ಟೆ ಸುಲಭವಾಗಿ ಬಂತು. ಒಳಗೆ ಹೋದಂತೆ ಬಟ್ಟೆ ಕೊಳೆತಿತ್ತು. ಕೊನೆಯ ಪದರ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ಎಳೆದಾಗ ಅದರ ಜೊತೆ ಕೆಂಪು ಹೊಪ್ಪಳಿಕೆಗಳೂ ಕಿತ್ತು ಬಂದವು. ಉಪ್ಪು ಕರಗಿ ಕೆಸರಾಗಿತ್ತು. ಪಟಿಕ ಸವೆದ ಸೋಪಿನ ಚೂರಿನಷ್ಟು ಉಳಿದಿತ್ತು. ವಿಭೂತಿ ಜೇಡಿಮಣ್ಣಿನಂತೆ ಬೆರಳಿಗೆ ಮೆತ್ತಿತು. ಅದರ ಕೆಳಗೆ ಬಣ್ಣವೆಂಬುದೇ ಇರಲಿಲ್ಲ, ಕಬ್ಬಿಣ ಪದರ ಪದರವಾಗಿ ಎದ್ದು ನಿಂತಿತ್ತು. ಬಿಚ್ಚಿದ್ದನ್ನೆಲ್ಲ ಅವನು ಇದ್ದ ಹಾಗೆಯೇ ಒಂದರ ಮೇಲೊಂದು ಸುತ್ತಿ, ಮತ್ತೆ ಗಂಟು ಮಾಡಿ ಜೋಪಾನವಾಗಿ ಎತ್ತಿಟ್ಟುಕೊಂಡ.

"ನಂಬರ್ ಇಲ್ಲೇ ತಾನೆ ಅಣ್ಣ ಇರೋದು?" ಎಂದು ಅವನು ಕೇಳಿದ.

ನಾನು ಟಾರ್ಚ್ ಹಿಡಿದು ನೋಡಿದೆ. ಒಂದು ಅಕ್ಷರವೂ ಕಾಣಲಿಲ್ಲ. ಇರುತ್ತೆ ಇರುತ್ತೆ ಎಂದು ಅವನನ್ನು ಬೀರೂರಿಗೆ ಸಾಗಹಾಕಿ, ಸ್ಟೂಲಿನ ಮೇಲೆ ಕುಳಿತು ಆ ಕತ್ತನ್ನೇ ನೋಡುತ್ತಾ ಇದ್ದೆ. ಸವೆದ ಪಿಸ್ಟನ್ ಬದಲಾಯಿಸಬಹುದು, ಮುರಿದ ಫುಟ್‌ರೆಸ್ಟ್ ವೆಲ್ಡ್ ಮಾಡಬಹುದು. ಹೋದ ನಂಬರು ಹೋದದ್ದೇ.

ಟ್ಯಾಂಕು, ಸೀಟು, ಹೆಡ್‌ಲೈಟು, ಬ್ರೆಡ್ಡಿನ ಕ್ಯಾರಿಯರು ಎಲ್ಲ ಇಳಿಸಿದೆ. ವೈರಿಂಗನ್ನೂ ಕೇಬಲ್‌ಗಳನ್ನೂ ಪಕ್ಕಕ್ಕೆ ಸರಿಸಿ ಕಟ್ಟಿದೆ. ಉಳಿದ ಕಡೆ ಇದ್ದದ್ದು ಸಾಮಾನ್ಯ ತುಕ್ಕು. ಹಿಂದಿನ ಮಡ್‌ಗಾರ್ಡಿನ ಒಳಮೈ, ಸ್ಟ್ಯಾಂಡಿನ ಬುಡ, ಸೈಲೆನ್ಸರ್ ಜೋಡಣೆ, ಬ್ಯಾಟರಿ ಡಬ್ಬದ ತಳ. ಮಂಜಿನಲ್ಲಿ ಓಡಿ ಒದ್ದೆಯಾಗಿಯೇ ನಿಲ್ಲುವ ಗಾಡಿಗಳಿಗೆಲ್ಲ ಬರುವಂಥದ್ದು. ಉಜ್ಜಿ, ತುಕ್ಕು ತಡೆಯುವ ರೆಡ್ ಆಕ್ಸೈಡ್ ಹೊಡೆದು, ಮೇಲೆ ಪೇಂಟ್ ಎಳೆದರೆ ಆಯಿತು. ಕತ್ತಿಗೆ ಆ ಉಪಚಾರ ನಡೆಯುವುದಿಲ್ಲ. ಎಮರಿ ಪೇಪರ್ ಒಮ್ಮೆ ಎಳೆದರೂ ತುಕ್ಕಿನ ಜೊತೆ ಅಚ್ಚಿನ ಅಂಚೂ ಹೋಗುತ್ತದೆ. ಗ್ರೈಂಡರ್ ಬ್ರಷ್ ಅಂತೂ ಹತ್ತಿರ ತರುವಂತಿಲ್ಲ.

ಬೀರೂರಿನಿಂದ ತುಕ್ಕು ಬಿಡಿಸುವ ಆಸಿಡ್ಡಿನ ಬಾಟಲಿ ತಂದೆ. ಫಾಸ್ಫೊರಿಕ್ ಆಸಿಡ್ಡು, ಬ್ಯಾಟರಿಯದ್ದರಷ್ಟು ಉಗ್ರವಲ್ಲ. ತುಕ್ಕನ್ನು ಕರಗಿಸಿ ಕಪ್ಪು ಮಾಡಿ ಬಿಡುತ್ತದೆ, ಗಟ್ಟಿ ಕಬ್ಬಿಣವನ್ನು ನಿಧಾನವಾಗಿ ಮುಟ್ಟುತ್ತದೆ. ಹತ್ತಿಯನ್ನು ಅದರಲ್ಲಿ ಅದ್ದಿ ಕತ್ತಿನ ಮೇಲೆ ಕೂರಿಸಿ, ಒಣಗದಂತೆ ಪ್ಲಾಸ್ಟಿಕ್ ಹಾಳೆ ಸುತ್ತಿದೆ. ಸಂಜೆ ತೆಗೆದು ತೊಳೆದಾಗ ಮೇಲಿನ ಹೊಪ್ಪಳಿಕೆ ಬಿಟ್ಟುಕೊಂಡಿತ್ತು. ಎಡದ ಮೂಲೆಯಲ್ಲಿ ಒಂದು ಇಂಗ್ಲಿಷ್ ಅಕ್ಷರದ ಕಾಲು ಕಂಡಂತೆ ಆಯಿತು. ಬೀಗುತ್ತಾ ಮನೆಗೆ ಹೋದೆ.

ಬೆಳಗ್ಗೆ ಬಂದು ನೋಡಿದರೆ ಹಳದಿ ಹಿಟ್ಟು ಉದುರಿಸಿದ ಹಾಗೆ ಮತ್ತೆ ತುಕ್ಕು ಹರಡಿತ್ತು. ಆ ಕಾಲು ಮಾಯ. ನನ್ನ ಬುದ್ಧಿಗೆ ನಾನೇ ಉಗಿದುಕೊಂಡೆ. ಉಪ್ಪು ಕಬ್ಬಿಣದ ಹೊಂಡಗಳ ಒಳಗೆ ಕುಳಿತಿರುವಾಗ ಮೇಲೆ ಎಷ್ಟು ಆಸಿಡ್ ಹಾಕಿದರೂ ಗಾಳಿಯಲ್ಲಿನ ನೀರನ್ನು ಅದು ಎಳೆದುಕೊಳ್ಳುತ್ತಲೇ ಇರುತ್ತದೆ. ಮೊದಲು ಉಪ್ಪು ಹೋಗಬೇಕು, ಆಮೇಲೆ ತುಕ್ಕು. ಹಾಗಾಗಿ ಆಸಿಡ್ ಎತ್ತಿಟ್ಟು, ಸ್ಟೌ ಹಚ್ಚಿ ಬಿಸಿನೀರು ಕಾಯಿಸಿದೆ. ಬಟ್ಟೆ ಅದ್ದಿ ಕತ್ತಿಗೆ ಶಾಖ ಕೊಟ್ಟಂತೆ ಒತ್ತಿ ಹಿಡಿಯುವುದು, ಹಿಂಡುವುದು, ಹೊಸ ನೀರು, ಮತ್ತೆ ಒತ್ತುವುದು. ಪಕ್ಕದ ಪಂಕ್ಚರ್ ಅಂಗಡಿಯವರು ಬಂದು ನೋಡಿ, ಬಾಣಂತಿಗೆ ಎರೆಯುತ್ತಿದ್ದೀರಾ ಎಂದು ಕಿಚಾಯಿಸಿ ಹೋದರು. ಹಿಂಡಿದ ನೀರನ್ನು ಬೆರಳಿಗೆ ಹಚ್ಚಿಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದೆ, ಉಪ್ಪು ಇನ್ನೂ ಇತ್ತು. ಅದು ಸಪ್ಪೆಯಾಗುವವರೆಗೆ ಬಿಡಲಿಲ್ಲ. ಯಾರಾದರೂ ನೋಡಿದ್ದರೆ ಹುಚ್ಚು ಹಿಡಿದಿದೆ ಅನ್ನುತ್ತಿದ್ದರು.

ಆಮೇಲೆ ಮತ್ತೆ ಆಸಿಡ್, ಈ ಸಲ ಸ್ವಲ್ಪ ಸ್ವಲ್ಪ. ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಅಡಿಗೆ ಸೋಡದ ನೀರಿನಿಂದ ತೊಳೆದು, ಹೀಟ್ ಗನ್ನಿನಿಂದ ಒಣಗಿಸಿ, ಆಗಿಂದಾಗಲೇ ತೆಳುವಾಗಿ ಎಣ್ಣೆ ಸವರುವುದು. ಹೊಂಡಗಳಲ್ಲಿ ಸಿಕ್ಕಿಕೊಂಡದ್ದನ್ನು ಕೆದಕಲು ಬಿದಿರಿನ ಕಡ್ಡಿ ಚೂಪು ಮಾಡಿಕೊಂಡೆ. ಕಬ್ಬಿಣದ ಸೂಜಿ ಹಾಕಿದರೆ ಗೀರು ಬೀಳುತ್ತದೆ, ಒಂದು ಗೀರು ಸಾಕು, ಮೂರು ಎಂಟಾಗಲು. ಆಮೇಲೆ ಸ್ಲೇಟಿಗೆ ಬರೆಯುವ ಬಳಪ ಉಜ್ಜಿ, ಟಾರ್ಚನ್ನು ಓರೆಯಾಗಿ ಹಿಡಿದರೆ, ಅಚ್ಚಿನ ಗುಂಡಿಗಳಲ್ಲಿ ಬಿಳಿ ನಿಂತು ಒಂದೊಂದೇ ಕಾಣತೊಡಗಿದವು. ಮೊದಲ ಅಕ್ಷರ ಪೂರ್ತಿ ಓದಿದಾಗ ಮೈ ಜುಂ ಅಂತು. ಬಾಯಿಬಿಟ್ಟು ಜೋರಾಗಿಯೇ ಓದಿದೆ, ಕೇಳುವವರು ಯಾರೂ ಇರಲಿಲ್ಲ.

ಇಷ್ಟರಲ್ಲಿ ಕಾಗದಪತ್ರ ಮಾಡಿಸಿಕೊಡುವ ಏಜೆಂಟ್ ಬಂದರು. ಬ್ರೆಡ್ಡಿನವನೇ ಕಳಿಸಿದ್ದ. ಅವರು ಬಗ್ಗಿ ನೋಡಿ, ನಾಲಿಗೆ ಲೊಚಗುಟ್ಟಿ, ಇಷ್ಟಕ್ಕೆಲ್ಲ ಯಾಕೆ ಒದ್ದಾಡುತ್ತೀರಿ, ಆರ್‌ಸಿಯಲ್ಲಿ ನಂಬರು ಇದೆಯಲ್ಲ, ಉಜ್ಜಿ ನುಣ್ಣಗೆ ಮಾಡಿ ಅಂಕಿ ಒತ್ತುವ ಪಂಚ್ ಸೆಟ್ಟಿನಿಂದ ಹೊಸದಾಗಿ ಹೊಡೆದುಬಿಡಿ ಎಂದರು. ಅದೇ ಗಾಡಿ, ಅದೇ ನಂಬರು, ಸುಳ್ಳೇನಿದೆ ಅದರಲ್ಲಿ ಎಂಬುದು ಅವರ ವಾದ. ಕೇಳಲು ಸರಿಯಾಗಿಯೇ ಇತ್ತು, ಅದೇ ನನ್ನ ಸಿಟ್ಟನ್ನು ಇನ್ನಷ್ಟು ಏರಿಸಿತು. ಕಂಪನಿಯ ಅಚ್ಚಿನ ಮೇಲೆ ಸುತ್ತಿಗೆ ಎತ್ತುವುದು ಅಪರಾಧ. ಕಂಪನಿಯ ಅಂಕಿಗಳ ಬಾಗು ಬೇರೆ, ಅಂಗಡಿಯ ಪಂಚಿನ ಬಾಗು ಬೇರೆ, ನೋಡುವ ಕಣ್ಣಿಗೆ ಆ ಕ್ಷಣವೇ ಸಿಕ್ಕಿಬೀಳುತ್ತದೆ. ಆಮೇಲೆ ಆ ಗಾಡಿಗೆ ಕದ್ದ ಗಾಡಿಯ ಹಣೆಪಟ್ಟಿ, ಅದರ ಒಡತಿ ಆ ತಾಯಿ. ಇದನ್ನೆಲ್ಲ ಅವರಿಗೆ ಮೆಲ್ಲಗೆ ಹೇಳಿದೆ ಎಂದರೆ ಯಾರೂ ನಂಬುವುದಿಲ್ಲ. ಕೂಗಾಡಿದೆ. ಏಜೆಂಟ್ ಮುಖ ಸಿಂಡರಿಸಿಕೊಂಡು ಬೈಕ್ ಹತ್ತಿದರು.

ಆದರೆ ರಾತ್ರಿ ಊಟ ಮಾಡುವಾಗ ಅವರ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಕೊನೆಯ ಮೂರು ಅಂಕಿಗಳಿದ್ದ ಕಡೆ ಪಟಿಕ ಕುಳಿತಿತ್ತು. ಅಲ್ಲಿ ಹೊಂಡ ಆಳ. ಅಂಕಿಗಳು ಸಿಗದಿದ್ದರೆ ಬ್ರೆಡ್ಡಿನವನ ಮುಖವನ್ನು ಹೇಗೆ ನೋಡುವುದು?

ಮಾರನೆಯ ದಿನ ಆ ಮೂರರ ಮೇಲೆ ಕುಳಿತೆ. ಮೊದಲನೆಯದು ಬಂತು. ಎರಡನೆಯದು ಬಂತು, ಮಸುಕಾಗಿ. ಕೊನೆಯದು ಅರ್ಧ ಬಂತು. ಬಲಗಡೆಯ ಎರಡು ಬಾಗು ಕಾಣುತ್ತವೆ, ಎಡಗಡೆಯಲ್ಲಿ ಕಪ್ಪು ಪದರ. ಆರ್‌ಸಿಯ ಪ್ರಕಾರ ಅದು ಮೂರು. ಎಡಗಡೆ ಬಾಗು ಇದ್ದರೆ ಎಂಟು, ಇಲ್ಲದಿದ್ದರೆ ಮೂರು. ಆ ಪದರ ತೆಗೆದುಬಿಟ್ಟರೆ ಗೊತ್ತಾಗುತ್ತದೆ. ಕಡ್ಡಿ ಹಾಕಿ ಒತ್ತಿದೆ. ಪದರದ ಅಂಚು ಎದ್ದಿತು, ಅದರ ಜೊತೆಗೇ ಪಕ್ಕದ ಬಾಗಿನ ತುದಿಯೂ ಅಲುಗಿತು. ತಟ್ಟನೆ ಕೈ ಹಿಂದೆಗೆದೆ. ಕಬ್ಬಿಣ ಒಳಗೊಳಗೇ ಬಿಟ್ಟುಕೊಂಡಿತ್ತು. ಪದರ ಬಂದರೆ ಅಂಕಿಯೂ ಅದರ ಜೊತೆ ಬರುತ್ತದೆ, ಕೆಳಗೆ ಉಳಿಯುವುದು ಬರೀ ಗುಂಡಿ.

ಅಲ್ಲಿಗೆ ನಿಲ್ಲಿಸಿದೆ. ಇನ್ನೊಂದೇ ಸಲ ಆಸಿಡ್ ಹಚ್ಚೋಣ ಎಂದು ಕೈ ತುರಿಸುತ್ತಿತ್ತು, ಬಾಟಲಿಯನ್ನು ಮುಚ್ಚಿ ಕಪಾಟಿನೊಳಗಿಟ್ಟೆ. ಇನ್ನೊಂದು ತೀರ್ಮಾನವೂ ಆಗಲೇ ಆಯಿತು. ನಂಬರಿನ ಸುತ್ತ ಗಂಟಿನ ಆಕಾರದಲ್ಲಿ ಕೆಂಪು ಕಲೆ ಉಳಿದಿತ್ತು. ಬಟ್ಟೆಯ ನೇಯ್ಗೆಯ ಗುರುತು ಸಹ ಅದರಲ್ಲಿ ಕಾಣುತ್ತಿತ್ತು. ಅದನ್ನೂ ಉಜ್ಜಿ, ಬಣ್ಣ ಹೊಡೆದು, ಕತ್ತನ್ನು ಹೊಸದರಂತೆ ಮಾಡಿ ಕಳಿಸಬೇಕು ಎಂದು ಶುರುವಿನಲ್ಲಿ ಅಂದುಕೊಂಡಿದ್ದೆ. ಈಗ ಅದನ್ನು ಮುಟ್ಟುವುದಿಲ್ಲ ಎಂದುಕೊಂಡೆ. ಅರ್ಧ ಅಂಕಿ ಹೊತ್ತು ನಿಂತ ಗಾಡಿಯನ್ನು ಯಾರಾದರೂ ಅನುಮಾನಿಸಿಯೇ ಅನುಮಾನಿಸುತ್ತಾರೆ. ಹೀಗೇಕಾಯಿತು ಎಂದು ಹೇಳಲು ಆ ಕಲೆಯೊಂದೇ ಉಳಿದಿರುವುದು. ತುಕ್ಕು ತೆಗೆಯಲು ಬಂದ ಗಾಡಿಗೆ ತುಕ್ಕು ಉಳಿಸಿ, ಅದು ಹೆಚ್ಚಾಗದಂತೆ ಬರೀ ಎಣ್ಣೆ ಸವರಿ ಬಿಟ್ಟದ್ದು ನನ್ನ ಕಸುಬಿನಲ್ಲಿ ಅದೊಂದೇ ಸಲ.

ಉಳಿದ ಕೆಲಸ ಸಲೀಸಾಗಿ ಮುಗಿಯಿತು. ಚಾಸಿಯ ಪೈಪುಗಳ ಒಳಕ್ಕೆ ತೆಳು ಎಣ್ಣೆ ಬಿಟ್ಟು, ಗಾಡಿಯನ್ನು ಅತ್ತ ಇತ್ತ ವಾಲಿಸಿ, ಹೆಚ್ಚಾದದ್ದನ್ನು ಇಳಿಸಿದೆ. ಹ್ಯಾಂಡಲ್ ತಿರುಗುವ ಕೋನ್ ಸೆಟ್ಟಿನ ಗುಂಡುಗಳಿಗೂ ಉಪ್ಪುನೀರು ಇಳಿದು ಗಂಟಲು ಕಟ್ಟಿದಂತೆ ತಿರುಗುತ್ತಿದ್ದವು, ಹೊಸ ಸೆಟ್ಟು ಹಾಕಿ ಗ್ರೀಸ್ ತುಂಬಿದೆ. ಬೋಲ್ಟುಗಳಿಗೆಲ್ಲ ಗ್ರೀಸ್ ಸವರಿಯೇ ಕೂರಿಸಿದೆ. ಬ್ರೆಡ್ಡಿನವನು ಆ ವಾರವೆಲ್ಲ ಭಾವನ ಗಾಡಿ ಕೇಳಿ ಲೈನು ನಡೆಸಿದ. ಸಂಜೆ ಬಂದು, ಎಷ್ಟು ಬಂತಣ್ಣ ಎಂದು ಕೇಳಿ, ಕಂಡಷ್ಟು ಅಂಕಿಗಳನ್ನು ಬೆರಳಿನಲ್ಲಿ ಮುಟ್ಟದೆ ದೂರದಿಂದಲೇ ಎಣಿಸಿ ಹೋಗುತ್ತಿದ್ದ.

ತಾಯಿ ಸಖರಾಯಪಟ್ಟಣದಿಂದ ಬಂದವರೇ ಗಾಡಿಯ ಕೊರಳು ನೋಡಿದರು. ಆರ್‌ಟಿಒದವರು ಬಟ್ಟೆಗಿಟ್ಟೆ ಇದ್ದರೆ ಗಾಡಿ ನೋಡುವುದಿಲ್ಲ, ಅದಕ್ಕೆ ನಾನೇ ಕೈ ತೊಳೆದುಕೊಂಡು ಬಿಚ್ಚಿದೆ ಎಂದು ಮಗ ಹೇಳಿದ. ಕಾನೂನಿಗೆ ಅವರಾದರೂ ಏನೆಂದಾರು? ಗಂಟನ್ನು ಮಾತ್ರ ಯಾರಿಗೂ ಬಿಡದೆ ತಮ್ಮ ಬಟ್ಟೆ ಚೀಲಕ್ಕೆ ಹಾಕಿಕೊಂಡರು. ಹೆಡ್‌ಲೈಟೂ ಕೇಬಲ್ಲುಗಳೂ ಅಡ್ಡವಾಗಿ ಕಲೆ ಅವರ ಕಣ್ಣಿಗೆ ಬೀಳಲಿಲ್ಲ. ಕಾಗದ ತೀರಿದ ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದು ಬೇಡವೆಂದು ಲಗೇಜ್ ಆಟೋಗೆ ಹತ್ತಿಸಿ, ಹಗ್ಗ ಬಿಗಿದೆವು. ತಾಯಿ ಡ್ರೈವರ್ ಪಕ್ಕದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಾನೂ ಮಗನೂ ಹಿಂದೆ ಗಾಡಿ ಹಿಡಿದುಕೊಂಡು ತರೀಕೆರೆ ತಲುಪಿದೆವು. ದಾರಿಯುದ್ದಕ್ಕೂ ಅವನು ಒಂದೇ ಮಾತನ್ನು ಬೇಡಿಕೊಂಡ. ಮಳೆಗೆ ಹೀಗಾಗಿದೆ ಅಂತ ಹೇಳೋಣ ಅಣ್ಣ, ಗಂಟಿನ ವಿಷಯ ಎತ್ತಬೇಡಿ.

ಇನ್ಸ್‌ಪೆಕ್ಟರ್ ನಡುವಯಸ್ಸಿನವರು, ಮಾತು ಕಡಿಮೆ. ದೀಪ, ಹಾರ್ನು, ಬ್ರೇಕು ನೋಡಿದರು. ಇಂಜಿನ್ ನಂಬರು ಓದಿ ಆರ್‌ಸಿಗೆ ಹೋಲಿಸಿದರು. ಕತ್ತಿನ ಹತ್ತಿರ ಬಗ್ಗಿದವರು ಮತ್ತೆ ಮೇಲೇಳಲಿಲ್ಲ. ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು, ನೋಡಿದರು, ಇನ್ನೊಂದು ಕಾಗದ ಇಟ್ಟು ಮತ್ತೆ ಉಜ್ಜಿದರು. ಏನಾಗಿದೆ ಇಲ್ಲಿ ಎಂದು ಕೇಳಿದರು. ಬ್ರೆಡ್ಡಿನವನು ಮಳೆ ಸಾರ್ ಎಂದ.

"ಮಳೆಗೆ ಗಾಡಿಯೆಲ್ಲ ತುಕ್ಕು ಹಿಡಿಯುತ್ತೆ, ನಂಬರ್ ಒಂದೇ ಅಲ್ಲ," ಎಂದರು ಇನ್ಸ್‌ಪೆಕ್ಟರ್. "ಇಲ್ಲಿ ಯಾರೋ ಆಸಿಡ್ ಹಾಕಿದಾರೆ."

ಅವರು ಹೇಳಿದ್ದು ನಿಜವೇ. ಹಾಕಿದವನು ನಾನು. ನಮ್ಮ ಹಿಂದೆ ಎರಡು ಮಾರು ದೂರದಲ್ಲಿ ಬ್ರೆಡ್ಡಿನವನ ತಾಯಿ ಚೀಲ ಹಿಡಿದು ನಿಂತಿದ್ದರು. ಇನ್ಸ್‌ಪೆಕ್ಟರ್ ಆಗಲೇ ಪೆನ್ನು ಜೇಬಿಗಿಟ್ಟು ಹೆಜ್ಜೆ ತಿರುಗಿಸುತ್ತಿದ್ದರು. ಮಳೆ ಎಂದೇ ಹಿಡಿದು ಕುಳಿತರೆ ಗಾಡಿ ಹೋಯಿತು, ಲೈನು ಹೋಯಿತು. ನಿಜ ಹೇಳಿದರೆ ಆ ಹೆಣ್ಣುಮಗಳ ಎದೆಗೆ ನಾನೇ ಕಲ್ಲು ಹಾಕಿದಂತೆ. ಜೀವಮಾನದಲ್ಲಿ ಅಷ್ಟು ಸಂಕಟ ನನಗೆ ಯಾವ ಗಾಡಿಯ ಮುಂದೆಯೂ ಆಗಿರಲಿಲ್ಲ. ತಾಯಿಯ ಕಡೆ ತಿರುಗಿ ನೋಡದೆ ಹೇಳಿಬಿಟ್ಟೆ.

"ಆಸಿಡ್ ಹಾಕಿದ್ದು ನಾನು ಸಾರ್, ಮೆಕ್ಯಾನಿಕ್ಕು. ಅಳಿಸೋಕಲ್ಲ, ಓದೋಕೆ. ತಿಂದಿದ್ದು ಆಸಿಡ್ ಅಲ್ಲ, ದೃಷ್ಟಿಗೆ ಕಟ್ಟಿದ್ದ ಗಂಟು. ಉಪ್ಪು, ಪಟಿಕ ಇತ್ತು ಅದರಲ್ಲಿ. ವರ್ಷಾನುಗಟ್ಟಲೆ ಈ ಜಾಗದಲ್ಲೇ ಒದ್ದೆಯಾಗಿ ಕೂತಿತ್ತು. ಕಲೆ ನೋಡಿ, ಬೇಕಂತಲೇ ತೆಗೆದಿಲ್ಲ."

ಇನ್ಸ್‌ಪೆಕ್ಟರ್ ಮತ್ತೆ ಬಗ್ಗಿದರು. ಕಲೆಯ ಸುತ್ತ ಬೆರಳಾಡಿಸಿದರು. ಆ ಗಂಟು ಎಲ್ಲಿದೆ ಎಂದು ಕೇಳಿದರು.

ತಾಯಿ ಮುಂದೆ ಬಂದರು. ಚೀಲದಿಂದ ಗಂಟು ತೆಗೆದರು. ಇನ್ಸ್‌ಪೆಕ್ಟರ್ ಕೈ ಚಾಚಿದರೂ ಅವರ ಕೈಗೆ ಕೊಡಲಿಲ್ಲ. ತಾವೇ ಬಗ್ಗಿ, ಕೇಬಲ್ ಸರಿಸಿ, ಕತ್ತಿನ ಮೇಲೆ ಇಟ್ಟು ಹಿಡಿದರು. ಗಂಟು ಕಲೆಯೊಳಗೆ ಕೂತಿತು, ಒಂದು ನೂಲಿನಷ್ಟೂ ಆಚೀಚೆ ಇಲ್ಲ. ತಾಯಿ ಅದನ್ನು ತೆಗೆದು ಕೆಳಗಿನ ಕಬ್ಬಿಣವನ್ನು ನೋಡಿದರು. ಮತ್ತೆ ಇಟ್ಟರು, ಮತ್ತೆ ತೆಗೆದು ನೋಡಿದರು.

"ನಾನೇ ಕಟ್ಟಿದ್ದು ಸ್ವಾಮಿ," ಅಂದರು. "ಬಿಗಿಯಾಗೇ ಕಟ್ಟಿದ್ದೆ."

ಇನ್ಸ್‌ಪೆಕ್ಟರ್ ಟಾರ್ಚ್ ತೆಗೆದರು. ನಮ್ಮನ್ನೆಲ್ಲ ಬೆಳಕಿಗೆ ಅಡ್ಡ ಬರದಂತೆ ಸರಿಸಿದರು. ನನ್ನ ಹತ್ತಿರ ಬಳಪ ಇಸಿದುಕೊಂಡು ಉಜ್ಜಿದರು, ಟಾರ್ಚನ್ನು ಕೆಳಗಿನಿಂದ ಹಿಡಿದು ಒಂದೊಂದೇ ಅಂಕಿಯನ್ನು ಬಾಯಲ್ಲಿ ಓದುತ್ತಾ ಹೋದರು. ಕೊನೆಯದಕ್ಕೆ ಬಂದು ಬಹಳ ಹೊತ್ತು ನಿಂತರು. ಪದರದ ಅಂಚಿನಲ್ಲಿ, ಅಂಕಿಯ ನಡುವಿನ ಮೂಲೆ ಎಡಕ್ಕೆ ಬಂದು ಅಲ್ಲೇ ಚೂಪಾಗಿ ಮುಗಿದಿರುವುದನ್ನು ಅವರು ನನಗೂ ತೋರಿಸಿದರು. ಎಂಟಾಗಿದ್ದರೆ ಅದು ಮುಂದೆ ಹೋಗಿ ಮೇಲಕ್ಕೆ ಸುತ್ತಬೇಕಿತ್ತು. ಅಷ್ಟು ದಿನ ಅದರ ಮೇಲೆ ಕುಳಿತಿದ್ದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಪದರ ಎಬ್ಬಿಸಿದ್ದರೆ ಆ ಮೂಲೆಯೂ ಹೋಗಿರುತ್ತಿತ್ತು. ಮೂರೇ ಎಂದರು. ನಂಬರು ಮಸುಕಾಗಿದೆ, ಆದರೆ ತಾಳೆಯಾಗುತ್ತದೆ ಎಂದು ಬರೆದುಕೊಂಡರು. ತಾಯಿಯ ಸಹಿ ಹಾಕಿಸಿಕೊಂಡರು. ಹೋಗುವಾಗ, ಇನ್ನು ಮೇಲೆ ಅಲ್ಲಿ ಏನನ್ನೂ ಕಟ್ಟಬೇಡಿ ಅಮ್ಮ ಎಂದು ಮೆಲ್ಲಗೆ ಹೇಳಿ ಹೋದರು.

ಬ್ರೆಡ್ಡಿನವನು ಹೊರಗೆ ಬಂದವನೇ ಗೋಡೆಗೆ ಒರಗಿ ಕುಳಿತುಬಿಟ್ಟ. ಲೈನು ಉಳಿಯಿತು ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಬೇಕರಿಗೆ ಫೋನು ಮಾಡಲು ಆಚೆ ಹೋದ. ಕಚೇರಿಯ ಎದುರಿನ ಟೀ ಅಂಗಡಿಯಲ್ಲಿ ನಾನೂ ಅವನ ತಾಯಿಯೂ ಉಳಿದೆವು. ಅವರು ಟೀ ಲೋಟ ಹಿಡಿದುಕೊಂಡು ನಿಲ್ಲಿಸಿದ್ದ ಗಾಡಿಯನ್ನೇ ನೋಡುತ್ತಿದ್ದರು, ಕುಡಿಯುತ್ತಿರಲಿಲ್ಲ. ನೀವು ಬೇಜಾರು ಮಾಡ್ಕೋಬೇಡಿ ಅವ್ವ, ಉಪ್ಪಿನ ಗುಣವೇ ಹಾಗೆ, ನಿಮ್ಮದೇನೂ ತಪ್ಪಿಲ್ಲ ಎಂದು ಏನೇನೋ ತೊದಲಿದೆ. ಅವರು ನನ್ನ ಮಾತಿನ ಮಧ್ಯದಲ್ಲೇ ಕೈ ಎತ್ತಿ ನಿಲ್ಲಿಸಿದರು.

"ನೀನ್ಯಾಕಪ್ಪ ಹಿಂಗೆ ಮುಖ ಸಣ್ಣ ಮಾಡ್ಕೊಂಡಿದೀಯ? ನನ್ನ ಮಗನ್ನ ತಿನ್ನೋಕೆ ಬಂದಿದ್ದು ಕಬ್ಬಿಣ ತಿಂದ್ಕೊಂಡು ಹೋಗೈತೆ. ಅಷ್ಟು ಗಟ್ಟಿ ಕಬ್ಬಿಣಾನೇ ಹಿಂಗೆ ತಿಂದೈತೆ ಅಂದ್ರೆ, ಇವನ ಮೈ ಎಷ್ಟರದು ಹೇಳು."

ನಾನು ಬಾಯಿ ತೆರೆದೆ. ಉಪ್ಪು, ಪಟಿಕ, ನೀರು, ಗಾಳಿ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅವರು ಆಗ ಟೀ ಕುಡಿಯಲು ಶುರು ಮಾಡಿದರು, ನಿಶ್ಚಿಂತೆಯಿಂದ. ಕುಡಿದು ಮುಗಿಸಿ ಲೋಟ ಕೆಳಗಿಟ್ಟು, ಚೀಲದೊಳಕ್ಕೆ ಕೈ ಹಾಕಿದರು.

"ಆ ಸಾಹೇಬ್ರು ಅಲ್ಲಿ ಬೇಡ ಅಂದ್ರು. ಇನ್ನೆಲ್ಲಿ ಕಟ್ಟಾದು, ನೀನೇ ತೋರ್ಸು."

ಆಟೋದವನ ಹತ್ತಿರ ಹಳೆಯ ಟ್ಯೂಬಿನ ತುಂಡು ಇತ್ತು. ಕೇಳಿ ತಂದು, ಕನ್ನಡಿಯ ಕಡ್ಡಿಗೆ ಎರಡು ಸುತ್ತು ಸುತ್ತಿದೆ. ಇದರ ಮೇಲೆ ಕಟ್ಟಿ ಅವ್ವ, ಕಬ್ಬಿಣಕ್ಕೆ ತಗುಲುವುದಿಲ್ಲ, ಗಾಳಿಗೆ ಒಣಗುತ್ತಲೂ ಇರುತ್ತದೆ ಎಂದೆ. ಅವರು ಕಟ್ಟಿ, ಎರಡು ಕೈಯಿಂದ ಕಣ್ಣಿಗೆ ಒತ್ತಿಕೊಂಡು ಹಿಂದೆ ಸರಿದರು. ಗಾಡಿಯನ್ನು ಆಟೋಗೆ ಹತ್ತಿಸುವ ಮೊದಲು, ಅಲುಗಾಟಕ್ಕೆ ಎಲ್ಲಾದರೂ ಉದುರಿಬಿಟ್ಟೀತು ಎಂದು, ಆ ಗಂಟನ್ನು ನಾನೇ ಒಮ್ಮೆ ಎಳೆದು ಬಿಗಿ ನೋಡಿದೆ.